ಎಲ್ಲಿಗೆ ಹೊಂಟೀರಿ?

ದಂಡೆಯ ಮೇಲೆ ನಿಂತಿದ್ದ ಹೆಂಗಸು ಕೇಳಿದ್ದು ಅಷ್ಟೇ. ನವೆಂಬರ್ ತಿಂಗಳ ಒಂದು ಭಾನುವಾರ, ಬೆಳಗಿನ ಏಳೂವರೆ. ಆನೆಗುಂದಿಯಿಂದ ಕೆಳಗೆ ತುಂಗಭದ್ರೆಯ ಒಂದು ಸಣ್ಣ ಘಟ್ಟ. ನಾವು ಹನ್ನೊಂದು ಜನ, ಎಂಟು ಕಯಾಕ್. ಮೂರರಲ್ಲಿ ಇಬ್ಬಿಬ್ಬರು, ಉಳಿದವು ಒಬ್ಬೊಬ್ಬರವು. ಎಲ್ಲರ ಮೈಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್. ಆಕೆಯ ಕೈಯಲ್ಲಿ ಒಂದು ವೈರ್ ಚೀಲ, ಅದರ ಬಾಯಿಂದ ಇಣುಕುತ್ತಿದ್ದ ಒಂದು ಡಬ್ಬಿ. ನಾನು ಆಗಷ್ಟೇ ಕಯಾಕ್‌ನೊಳಗೆ ಕಾಲಿಟ್ಟು ಬ್ಯಾಲೆನ್ಸ್ ಹುಡುಕುತ್ತಿದ್ದೆ. ಹಲ್ಲು ಬಿಟ್ಟು ಹೇಳಿದೆ, "ಎಲ್ಲಿಗೂ ಇಲ್ಲಬೇ, ಸುಮ್ನೆ." ಆಕೆ ನನ್ನನ್ನೂ ದೋಣಿಯನ್ನೂ ಒಮ್ಮೆ ನೋಡಿ, "ಸುಮ್ನ?" ಅಂದರು. ಅಷ್ಟರಲ್ಲಿ ಯಾರೋ ಹಿಂದಿನಿಂದ ತಳ್ಳಿದರು. ನಾನು ನೀರಿನ ಮೇಲಿದ್ದೆ.

ಆ "ಸುಮ್ನ?" ಇವತ್ತಿಗೂ ಬಿಟ್ಟಿಲ್ಲ. ಬ್ಯಾಂಕಿನಲ್ಲಿ ಕೂತು ಯಾರದೋ ಬೆಳೆಸಾಲದ ಕಾಗದ ನೋಡುವಾಗ ನೆನಪಾಗುತ್ತದೆ. ನಮ್ಮ ಕಡೆ ದಾರಿಯಲ್ಲಿ ಎದುರಾದವರನ್ನು ಎಲ್ಲಿಗೆ ಹೊಂಟೀರಿ ಅಂತ ಕೇಳುವುದು ನಮಸ್ಕಾರ ಇದ್ದ ಹಾಗೆ, ಉತ್ತರ ಬೇಕಿರುವುದಿಲ್ಲ. ಇದೂ ಅಂಥದೇ ಅಂದುಕೊಂಡಿದ್ದೆ. ಅಲ್ಲ ಅಂತ ಗೊತ್ತಾಗಿದ್ದು ಎರಡು ಗಂಟೆ ಕಳೆದ ಮೇಲೆ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಹೇಗೆ ಸಿಕ್ಕಿಬಿದ್ದೆ

ನಲವತ್ತಾರು ವರ್ಷದ, ಈಜು ಬಾರದ, ಗಂಗಾವತಿಯ ಹೆಂಗಸು ಕಯಾಕ್ ಹತ್ತುವುದಕ್ಕೆ ಮಗನೇ ಕಾರಣ. ಅವನ ಗೆಳೆಯರು, ಒಬ್ಬ ಹಲ್ಲಿನ ಡಾಕ್ಟರು, ಬೀಜ-ಗೊಬ್ಬರದ ಅಂಗಡಿಯವರೊಬ್ಬರು, ಇಬ್ಬರು ಕಾಲೇಜು ಮೇಷ್ಟ್ರು, ಹೀಗೆ ಒಂದು ವಾಟ್ಸಾಪ್ ಗುಂಪು. ದುಡ್ಡು ಕೂಡಿಸಿ ದೋಣಿ ಕೊಂಡಿದ್ದಾರೆ. ಮಳೆಗಾಲ ಮುಗಿದ ಮೇಲೆ ತಿಂಗಳಿಗೆ ಎರಡು ಭಾನುವಾರ ನೀರಿಗೆ ಇಳಿಯುತ್ತಾರೆ. ಬೆಳಿಗ್ಗೆ ಇಳಿದರೆ ಹತ್ತು ಗಂಟೆಗೆ ಮುಗಿಯಿತು. ಆಮೇಲೆ ಒಗ್ಗರಣೆ, ಮಿರ್ಚಿ, ಚಹಾ. ನಿಜ ಹೇಳಬೇಕೆಂದರೆ ಮೊದಲ ಸಲ ನಾನು ಹೋಗಿದ್ದು ಮಿರ್ಚಿಯ ಆಸೆಗೇ.

ಕಲಿತಿದ್ದು ಸಾಣಾಪುರ ಕೆರೆಯಲ್ಲಿ. ಕೆರೆ ಅಂತ ಕರೆಯುತ್ತೇವೆ, ಆದರೆ ಅದು ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ಹಿಡಿದು ಬಿಡುವ ಸಮತೋಲನ ಜಲಾಶಯ. ಸುತ್ತ ಆನೆಗಾತ್ರದ ಬಂಡೆಗಳು, ನಡುವೆ ಅಲುಗಾಡದ ನೀರು. ಕಲಿಯುವವರಿಗೆ ಒಳ್ಳೆಯ ಜಾಗ. ಬಂಡೆ ಮೇಲಿಂದ ಜಿಗಿಯುವ ಹುಚ್ಚು ಮಾತ್ರ ಬೇಡ. ಈ ಸುತ್ತಿನಲ್ಲಿ ಹಾಗೆ ಜಿಗಿದವರು ಹೆಣವಾಗಿ ಸಿಕ್ಕಿದ್ದುಂಟು, ಪೇಪರಿನಲ್ಲಿ ನೀವೂ ಓದಿರುತ್ತೀರಿ.

ಮೊದಲ ದಿನವೇ ಮಗುಚಿದೆ. ತಪ್ಪು ನನ್ನದೇ. ಜಾಕೆಟ್ಟಿನ ಬಕಲ್ ಉಸಿರು ಕಟ್ಟುತ್ತದೆ ಅಂತ ಸಡಿಲ ಬಿಟ್ಟಿದ್ದೆ. ನೀರಿಗೆ ಬಿದ್ದಾಗ ಜಾಕೆಟ್ ತೇಲಿತು, ನಾನು ಅದರೊಳಗಿಂದ ಕೆಳಗೆ ಜಾರಿದೆ. ಅದರ ಅಂಚು ಗದ್ದಕ್ಕೆ ಬಂದು ಸಿಕ್ಕಿಕೊಂಡಿತು. ಮುಳುಗಲಿಲ್ಲ, ಆದರೆ ಮೂಗಿನೊಳಗೆ ನೀರು, ಕಣ್ಣ ಮುಂದೆ ಬರೀ ಕಿತ್ತಳೆ ಬಣ್ಣ. ನನಗಿಂತ ಇಪ್ಪತ್ತು ವರ್ಷ ಸಣ್ಣವಳೊಬ್ಬಳು ಬಂದು ದೋಣಿ ಹಿಡಿದು ಹೇಳಿಕೊಟ್ಟಳು: "ಆಂಟಿ, ಎರಡೂ ಅಂಚು ಹಿಡೀರಿ, ಕಾಲು ಬಡೀರಿ, ಹೊಟ್ಟೆ ಮೇಲೆ ಹತ್ತಿ ಬೀಳ್ರಿ, ಆಮೇಲೆ ತಿರುಗಿ ಕೂಡ್ರಿ." ನಾಲ್ಕನೇ ಸಲಕ್ಕೆ ಹತ್ತಿದೆ. ಎಮ್ಮೆ ಕೆರೆಯಿಂದ ಎದ್ದ ಹಾಗಿತ್ತು ಅಂತ ಮಗ ಇವತ್ತೂ ಆಡಿಕೊಳ್ಳುತ್ತಾನೆ. ಬಕಲ್ ಅನ್ನು ಈಗ ಯಾರೂ ಹೇಳದೆ ಬಿಗಿಯುತ್ತೇನೆ.

ಎರಡು ಬಾಯಿನ ಪ್ಯಾಡಲ್ ಹಿಡಿದು ಕಾಲು ಚಾಚಿ ಕೂರುವುದು ಕಯಾಕ್. ಒಂದೇ ಬಾಯಿನ ಹುಟ್ಟು ಹಿಡಿದು ಮಂಡಿಯೂರಿಯೋ ಪೀಠದ ಮೇಲೋ ಕೂರುವುದು ಕೆನೋ. ನಮ್ಮ ಗುಂಪಿನಲ್ಲಿ ಕೆನೋ ಒಂದೇ ಒಂದಿತ್ತು, ಅದೂ ಒಡೆದು ಮೂಲೆ ಸೇರಿದೆ. ಕಯಾಕ್‌ನಲ್ಲಿ ನನಗೆ ಮೊದಲು ಹೊಸದೆನಿಸಿದ್ದು ವೇಗ ಅಲ್ಲ. ಎದುರಿಗೆ ಯಾರೂ ಇಲ್ಲ ಅನ್ನುವುದು. ಮುಂದೆ ಬರೀ ನೀರು. ಪಕ್ಕದವರ ಜೊತೆ ಮಾತಾಡಬೇಕಾದರೆ ಕೂಗಬೇಕು. ನೀರಿನ ಮೇಲೆ ಹಾಗೆ ಒಬ್ಬಳೇ ಕೂತಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

ತೆಪ್ಪದಲ್ಲಿ ಕೂರುವ ಕ್ರಮ

ಯಾಕಂದರೆ ನಾನು ಹೊಳೆಯ ಮೇಲೆ ಕೂತಿದ್ದೆಲ್ಲ ತೆಪ್ಪದಲ್ಲಿ. ನಮ್ಮ ಅತ್ತೆಯ ಮನೆ ಕಮಲಾಪುರದ ಕಡೆ. ವರ್ಷಕ್ಕೆ ಮೂರು ನಾಲ್ಕು ಸಲ ಅಮ್ಮನ ಜೊತೆ ಹೊಳೆ ದಾಟುತ್ತಿದ್ದೆ. (ನಮ್ಮಲ್ಲಿ ಅಮ್ಮ ಅಂದರೆ ಅಜ್ಜಿ. ಹೆತ್ತವಳು ಅವ್ವ.) ತಳವಾರಘಟ್ಟದ ಕಡೆಗೆ ತೆಪ್ಪ. ಬಿದಿರಿನ ಹೆಣಿಗೆ, ಹೊರಗೆ ಪ್ಲಾಸ್ಟಿಕ್ ಚೀಲ, ಅದರ ಮೇಲೆ ಡಾಂಬರು. ಬಿಸಿಲು ಏರಿದರೆ ಡಾಂಬರಿನ ವಾಸನೆ ಗಂಟಲಿಗೆ ಬರುತ್ತಿತ್ತು. ಅಮ್ಮನ ಕಾಲದಲ್ಲಿ ಚರ್ಮ ಹೊದಿಸುತ್ತಿದ್ದರಂತೆ.

ಕೂರುವುದಕ್ಕೂ ಒಂದು ಕ್ರಮ ಇತ್ತು. ಅಂಬಿಗ ಒಬ್ಬೊಬ್ಬರನ್ನೇ ಕಣ್ಣಲ್ಲೇ ತೂಗುತ್ತಿದ್ದ. ದಪ್ಪಗಿದ್ದವರು ಎದುರುಬದುರು. ಬುಟ್ಟಿಗಳು ನಡುವೆ. ಹುಡುಗರು ತಳಕ್ಕೆ, ದೊಡ್ಡವರ ಕಾಲ ನಡುವೆ. ಒಮ್ಮೆ ಒಂದು ಬೈಕನ್ನೂ ಹತ್ತಿಸಿದ್ದರು. ಇಬ್ಬರು ಮುಂದಿನ ಗಾಲಿ ಎತ್ತಿದರು, ಇಬ್ಬರು ಹಿಂದಿನದನ್ನು. ಬೈಕಿನ ಯಜಮಾನ ಮಾತ್ರ ತನ್ನ ಚಪ್ಪಲಿ ಕೈಯಲ್ಲಿ ಹಿಡಿದು ಪ್ಯಾಂಟು ಮಡಚಿ ನಿಂತಿದ್ದ. "ಅಳ್ಳಾಡಬ್ಯಾಡ್ರಿ, ಸುಮ್ನ ಕುಂಡ್ರ್ರಿ" ಅಂತ ಅಂಬಿಗ ಗದರಿದರೆ ಊರ ಗೌಡನೂ ಸುಮ್ಮನಾಗಬೇಕು. ಅದೊಂದು ಇಪ್ಪತ್ತು ನಿಮಿಷ ಅವನದೇ ರಾಜ್ಯ. ನಡುಹೊಳೆಗೆ ಬಂದಾಗ ಅಮ್ಮ ಸೆರಗಿನ ಗಂಟು ಬಿಚ್ಚಿ ಹತ್ತು ಪೈಸೆಯದೊಂದು ನೀರಿಗೆ ಹಾಕಿ "ಗಂಗವ್ವ, ದಾಟಿಸವ್ವ" ಅನ್ನುತ್ತಿದ್ದಳು. ಅಂಬಿಗನಿಗೆ ಮಾತ್ರ ಕಾಸು ಕೊಟ್ಟಿದ್ದನ್ನು ನಾನು ನೋಡಿಲ್ಲ. ಸುಗ್ಗಿ ಮುಗಿದ ಮೇಲೆ ಅವನೇ ಮನೆಗೆ ಬಂದು ಜೋಳ ಅಳೆಸಿಕೊಂಡು ಹೋಗುತ್ತಿದ್ದ. ನಡುಗಡ್ಡೆಯಲ್ಲಿ ನವವೃಂದಾವನ ಕಾಣುತ್ತಿತ್ತು, ಆ ಕಡೆಗೂ ಅಮ್ಮ ಒಂದು ಕೈ ಮುಗಿಯುತ್ತಿದ್ದಳು. ಹೊಳೆ ದಾಟುವಾಗ ಯಾವ ದೇವರನ್ನೂ ಬಿಡುವ ಹಾಗಿರಲಿಲ್ಲ.

ದುಂಡಗಿರುವುದರಿಂದ ತೆಪ್ಪದಲ್ಲಿ ಎಲ್ಲರೂ ಎಲ್ಲರ ಮುಖ ನೋಡುತ್ತಲೇ ಕೂರಬೇಕು. ಹೋಗುವ ಕಡೆ ಯಾವುದು ಅಂತ ಅಂಬಿಗನಿಗೆ ಮಾತ್ರ ಗೊತ್ತು. ನನಗೆ ಹೊಳೆಯ ನೆನಪು ಅಂದರೆ ನೀರಿನ ನೆನಪಲ್ಲ. ಎದುರಿಗಿದ್ದವರ ಮೂಗುತಿ, ಕೋಳಿಯ ಕಟ್ಟಿದ ಕಾಲು, ಯಾರದೋ ಮದುವೆ ಮುರಿದ ಸುದ್ದಿ.

ವಿಜಯನಗರಕ್ಕೆ 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇದೇ ಆನೆಗುಂದಿಯ ಹೊಳೆಯಲ್ಲಿ ಇದೇ ತೆಪ್ಪ ನೋಡಿ ಬರೆದಿಟ್ಟಿದ್ದಾನೆ. ಬುಟ್ಟಿಯ ಹಾಗೆ ದುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಕೂರಬಹುದು, ಬೇಕಾದರೆ ಕುದುರೆ ಎತ್ತುಗಳೂ ದಾಟಬಹುದು, ಆದರೆ ಬೇರೆ ದೋಣಿಗಳ ಹಾಗೆ ನೇರ ಹೋಗದೆ ಸದಾ ತಿರುಗುತ್ತಿರುತ್ತದೆ ಅಂತ. ಐದುನೂರು ವರ್ಷ ಆಯಿತು, ತಿರುಗುವುದು ನಿಂತಿಲ್ಲ. ಚರ್ಮ ಹೋಗಿ ಡಾಂಬರು ಬಂತು, ಡಾಂಬರು ಹೋಗಿ ಈಗ ಫೈಬರ್. ಇನ್ನೊಂದು ತಮಾಷೆ ಅಂದರೆ, ನಾವು ಆನ್‌ಲೈನ್‌ನಲ್ಲಿ ತರಿಸಿದ ಕಯಾಕ್‌ನ ಮೂಲವೂ ಅದೇ. ಉತ್ತರ ಧ್ರುವದ ಕಡೆಯ ಬೇಟೆಗಾರರು ಕಟ್ಟಿಗೆ, ಎಲುಬಿನ ಹಂದರಕ್ಕೆ ಸೀಲ್ ಪ್ರಾಣಿಯ ಚರ್ಮ ಹೊಲಿದು ಮಾಡಿಕೊಂಡಿದ್ದು. ಅವರಿಗೆ ಒಬ್ಬನೇ ಸದ್ದಿಲ್ಲದೆ ನೇರ ಹೋಗಬೇಕಿತ್ತು, ಉದ್ದ ಮಾಡಿದರು. ನಮಗೆ ಕೋಳಿ, ಕುದುರೆ, ಬೀಗರು ಎಲ್ಲ ಒಟ್ಟಿಗೆ ದಾಟಬೇಕಿತ್ತು, ದುಂಡಗೆ ಮಾಡಿದೆವು.

ಕಾಕಾ

ನಮ್ಮ ಗುಂಪು ಹೊಳೆಗೆ ಇಳಿಯುವಾಗ ಒಂದು ತೆಪ್ಪ ಜೊತೆಗಿರಬೇಕು ಅನ್ನುವುದು ಡಾಕ್ಟರು ಹಾಕಿದ ನಿಯಮ. ಒಳ್ಳೆಯ ನಿಯಮ. ಸೇಫ್ಟಿ ಬೋಟ್ ಅನ್ನುತ್ತಾರೆ ಅದನ್ನು. ಆ ಘಟ್ಟದ ಅಂಬಿಗನನ್ನೇ ಬೆಳಗಿನ ಹೊತ್ತಿಗೆ ಗೊತ್ತು ಮಾಡಿಕೊಳ್ಳುತ್ತೇವೆ. ಅರವತ್ತು ದಾಟಿದ ಮನುಷ್ಯ. ನಾವೆಲ್ಲ ಕಾಕಾ ಅನ್ನುತ್ತೇವೆ.

ಮೊದಲ ದಿನ ಮೇಷ್ಟ್ರೊಬ್ಬರು ನಮಗೆಲ್ಲ ಪಾಠ ಮಾಡಿದರು. ಹರಿಯುವ ನೀರಿನಲ್ಲಿ ಬಿದ್ದರೆ ಎದ್ದು ನಿಲ್ಲುವ ಪ್ರಯತ್ನ ಮಾಡಬಾರದು, ಕಾಲು ಕಲ್ಲಿನ ಸಂದಿಗೆ ಸಿಕ್ಕರೆ ನೀರೇ ಮಗುಚಿ ಒತ್ತಿಬಿಡುತ್ತದೆ, ಅಂಗಾತ ಮಲಗಿ ಪಾದ ಮುಂದೆ ಮಾಡಿ ತೇಲಬೇಕು ಅಂತ. ವಿಡಿಯೋ ನೋಡಿ ಕಲಿತಿದ್ದು. ಕಾಕಾ ಬೀಡಿ ಸೇದುತ್ತಾ ಕೇಳಿಸಿಕೊಂಡು, "ನಮ್ಮಪ್ಪನೂ ಅದನ್ನ ಹೇಳಿದ್ದ. ಕಾಲು ಊರಬ್ಯಾಡ, ಹೊಳಿ ಹಿಡಕೊಂತೈತಿ ಅಂತ" ಅಂದ. ಮೇಷ್ಟ್ರ ಮುಖ ಸಣ್ಣದಾಯಿತು. ನನಗೆ ಯಾಕೋ ಖುಷಿಯಾಯಿತು.

ಈ ಹೊಳೆ ಈಗ ಪೂರ್ತಿ ಹೊಳೆ ಅಲ್ಲ ಅನ್ನುವುದನ್ನೂ ಕಾಕಾನೇ ನನಗೆ ಹೇಳಿಕೊಟ್ಟಿದ್ದು. ಮೇಲೆ ಡ್ಯಾಂ ಇದೆ, ಅದಕ್ಕೆ 33 ಗೇಟು. 1953ರಿಂದ ಇಲ್ಲಿ ನೀರು ಮಳೆಯ ಮಾತು ಕೇಳುವುದಿಲ್ಲ, ಗೇಟಿನ ಮಾತು ಕೇಳುತ್ತದೆ. ಮಳೆಗಾಲದಲ್ಲಿ ಜಾಸ್ತಿ ಬಿಟ್ಟರೆ ಕಂಪ್ಲಿ ಸೇತುವೆ ಮುಳುಗುತ್ತದೆ, ಬಿಡದಿದ್ದರೆ ಬೇಸಿಗೆಯಲ್ಲಿ ಬಂಡೆಯಿಂದ ಬಂಡೆಗೆ ನಡೆದೇ ಹೋಗಬಹುದು. ನೀರೆಲ್ಲ ಕಾಲುವೆಗೆ, ಕಾಲುವೆಯಿಂದ ನಮ್ಮ ಭತ್ತದ ಗದ್ದೆಗೆ. ನನ್ನ ಬ್ಯಾಂಕು ನಡೆಯುವುದೂ ಅದೇ ನೀರಿನ ಮೇಲೆ, ಹಾಗಾಗಿ ದೂರುವ ಹಕ್ಕು ನನಗಿಲ್ಲ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋದಾಗ ಗಂಗಾವತಿಯಲ್ಲಿ ಯಾರಿಗೂ ನಿದ್ದೆ ಇರಲಿಲ್ಲ. ಎರಡನೇ ಬೆಳೆ ಹೊಳೆಪಾಲಾಯಿತು ಅಂತ ರೈತರು ಬ್ಯಾಂಕಿಗೆ ಬಂದು ಸುಮ್ಮನೆ ಕೂತು ಹೋಗುತ್ತಿದ್ದರು. ವಾರದ ಹೊತ್ತಿಗೆ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಕೂರಿಸಿದರಲ್ಲ, ಆಗ ಪಟಾಕಿ ಹೊಡೆದರು. ಕಾಕಾ ಆ ವಾರವೆಲ್ಲ ತೆಪ್ಪ ಬೋರಲು ಹಾಕಿ ಅದರ ಕೆಳಗೆ ಮಲಗಿದ್ದನಂತೆ. "ಹೊಳಿ ಬಂದಾಗ ಹೋಗಬಾರದು. ಬಂದವರನ್ನ ಬರಗೊಡಬೇಕು, ಹೋಗೂತನಾ ಸುಮ್ನಿರಬೇಕು" ಅಂದ, ಹೊಳೆ ಯಾರೋ ಬೀಗರು ಅನ್ನುವ ಹಾಗೆ.

ಸಾಣಾಪುರದ ಕಡೆ ಪ್ರವಾಸಿಗರಿಗೆ ತೆಪ್ಪ ಗಿರಗಿರ ತಿರುಗಿಸಿ ತೋರಿಸುತ್ತಾರೆ, ನೀವೂ ರೀಲ್ಸ್‌ನಲ್ಲಿ ನೋಡಿರುತ್ತೀರಿ. ಕಾಕಾನೂ ಸ್ವಲ್ಪ ದಿನ ಅಲ್ಲಿ ಕೆಲಸ ಮಾಡಿದ್ದಾನೆ. "ತಿರುಗದಂಗ ನಡಸೋದು ಕಲಿಯಾಕ ನನಗ ಮೂರು ವರ್ಷ ಹಿಡೀತು ಅಕ್ಕಾರ. ಈಗ ತಿರುಗಿಸಿದರ ರೊಕ್ಕ ಕೊಡ್ತಾರ." ನಾನು ಒಮ್ಮೆ ಅವನ ಹುಟ್ಟು ಇಸಿದುಕೊಂಡು ನೋಡಿದೆ. ತೆಪ್ಪದ ಪಕ್ಕಕ್ಕಲ್ಲ, ಮುಂದಕ್ಕೆ ಹುಟ್ಟು ಹಾಕಿ ನೀರನ್ನು ಎಳೆದುಕೊಳ್ಳಬೇಕು, ಅದೂ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊಸೆದ ಹಾಗೆ. ನಾನು ಐದು ನಿಮಿಷ ಅದೇ ಜಾಗದಲ್ಲಿ ಬುಗುರಿಯಾದೆ.

ನೀರುನಾಯಿ ನೋಡಿದ್ದೂ ಕಾಕಾನಿಂದಲೇ. ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಅಂತ ಘೋಷಿಸಿದ್ದಾರೆ. ನಾವು ಇಳಿಯುವುದೂ ಅದರೊಳಗೇ. ನಮ್ಮ ಗುಂಪಿನಲ್ಲಿ ಬ್ಲೂಟೂತ್ ಸ್ಪೀಕರ್ ತರುವವನೊಬ್ಬನಿದ್ದ. ಕಾಕಾ ಒಂದು ದಿನ ಅವನಿಗೆ ಬಾಯಿ ಮುಚ್ಚುವ ಸನ್ನೆ ಮಾಡಿ ಬಂಡೆಯೊಂದರ ಕಡೆ ಕೈ ತೋರಿಸಿದ. ಮೂರು ಒದ್ದೆ ತಲೆ, ಮೀಸೆ. ಒಂದರ ಬಾಯಲ್ಲಿ ಮೀನು ಇನ್ನೂ ಒದ್ದಾಡುತ್ತಿತ್ತು. ಅವು ನಮ್ಮನ್ನು ನೋಡಿ ಮೂಗಿನಲ್ಲಿ ಬುಸ್ ಅಂದು ನೀರಿಗೆ ಜಾರಿದವು. "ಬಲಿ ಹರೀತಾವ ಅಂತ ನಾವು ಬೈತೀವಿ. ಸಿಡಿಮದ್ದು ಹಾಕಿ ಮೀನ ಹಿಡಿಯಾವರು ಬಂದಾಗ ಇವೂ ಸಾಯ್ತಾವ, ನಮ್ಮ ಹೊಟ್ಟೀನೂ ಸಾಯ್ತೈತಿ" ಅಂದ. ಸ್ಪೀಕರ್ ಆಮೇಲೆ ಬಂದಿಲ್ಲ. ಮೊಸಳೆ ಬಗ್ಗೆ ಕೇಳಿದೆ. ಅದಾವ ಅಂದ, ಅಷ್ಟೇ. ಎಲ್ಲಿ ಅಂತ ಹೇಳಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ.

ಮತ್ತೆ ಆ ಭಾನುವಾರ

ಅವತ್ತು ನಾವು ಹೊಳೆಯುದ್ದಕ್ಕೆ ಕೆಳಗೆ ಹೋಗಿ, ಬಂಡೆಗಳ ನೆರಳಲ್ಲಿ ನಿಂತು, ಫೋಟೋ ತೆಗೆದು, ಏದುಸಿರು ಬಿಡುತ್ತಾ ತಿರುಗಿ ಬಂದೆವು. ಹೊಳೆಯುದ್ದಕ್ಕೆ ಹೋಗುವುದು ಅನ್ನುವುದೇ ನನಗೆ ಹೊಸದು. ಅಮ್ಮನಿಗೆ ಹೊಳೆ ಅಂದರೆ ಅಡ್ಡ ದಾಟುವುದು. ಈ ದಂಡೆ, ಆ ದಂಡೆ, ನಡುವೆ ಭಯ. ಉದ್ದಕ್ಕೆ ಹೋದರೆ ಹೊಳೆಗೆ ತಿರುವು ಇದೆ, ದನಿ ಇದೆ, ಒಂದೊಂದು ಮಡುವಿಗೂ ಒಂದೊಂದು ಬಣ್ಣ ಇದೆ. ನಲವತ್ತು ವರ್ಷ ದಾಟಿದ ಹೊಳೆಯನ್ನು ನಾನು ನೋಡೇ ಇರಲಿಲ್ಲವಲ್ಲ ಅನ್ನಿಸಿ, ಬರುವಾಗ ನನ್ನಷ್ಟಕ್ಕೆ ಒಂದು ಥರ ತುಂಬಿಕೊಂಡಿದ್ದೆ.

ಘಟ್ಟಕ್ಕೆ ಬಂದಾಗ ಒಂಬತ್ತೂವರೆ ದಾಟಿತ್ತು. ಆ ಹೆಂಗಸು ಅಲ್ಲೇ ಬಂಡೆಯ ಮೇಲೆ ಕೂತಿದ್ದರು. ಚೀಲ ಪಕ್ಕದಲ್ಲಿ. ಬಿಸಿಲು ಏರಿತ್ತು, ಸೆರಗು ತಲೆಯ ಮೇಲಿತ್ತು. ಕಾಕಾ ದಂಡೆ ಮುಟ್ಟಿದ್ದೇ ತಡ, ಆಕೆ ಎದ್ದು ಸೀರೆ ಎತ್ತಿ ಕಟ್ಟಿಕೊಂಡು ತೆಪ್ಪದ ಕಡೆ ನಡೆದರು. ಆಗ ತಿಳಿಯಿತು. ಆಕೆಗೆ ಆ ದಂಡೆಗೆ ಹೋಗಬೇಕಿತ್ತು. ಆ ಘಟ್ಟಕ್ಕಿರುವುದು ಒಂದೇ ತೆಪ್ಪ, ಅದನ್ನು ನಾವು ನಮ್ಮ ಜೀವ ಕಾಯುವುದಕ್ಕೆ ಹಿಂದೆ ಕಟ್ಟಿಕೊಂಡು ಹೋಗಿದ್ದೆವು. ಎಲ್ಲಿಗೆ ಹೊಂಟೀರಿ ಅಂತ ಆಕೆ ಕೇಳಿದ್ದು ನಮಸ್ಕಾರಕ್ಕಲ್ಲ. ಆ ಕಡೆ ಹೋಗುವವರಿದ್ದರೆ ನನ್ನನ್ನೂ ಕರೆದುಕೊಳ್ಳಿ ಅಂತ.

ಸೇತುವೆ ಇಲ್ಲ ಅಂತಲ್ಲ. ಕಡೆಬಾಗಿಲು–ಬುಕ್ಕಸಾಗರ ಸೇತುವೆ ಇದೆ. ಅದಕ್ಕೂ ಮುಂಚೆ ಆನೆಗುಂದಿ ಹತ್ತಿರ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದು ಕೂಲಿಕಾರರು ಸತ್ತಿದ್ದು ಈ ಭಾಗದಲ್ಲಿ ಯಾರಿಗೂ ಮರೆತಿಲ್ಲ. ಕಾರು, ಬೈಕು ಇದ್ದವರಿಗೆ ಸೇತುವೆ ಸಾಕು. ಬಸ್ಸಿಗೆ ಕಾದು, ಬದಲಿಸಿ, ಸುತ್ತಿ ಬಳಸಿ ಹೋಗುವವರಿಗೆ ಎದುರಿಗೇ ಕಾಣುವ ಊರು ಅರ್ಧ ದಿನದ ದಾರಿ. ತೆಪ್ಪದಲ್ಲಿ ಹತ್ತು ನಿಮಿಷ.

ಯಾರೂ ಆಕೆಗೆ "ಕ್ಷಮಿಸಿ" ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಆಕೆಯ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಅದೇ ಕಷ್ಟ. ದಾರಿಯಲ್ಲಿ ಎಮ್ಮೆ ಅಡ್ಡ ಬಂದರೆ ಕಾಯುತ್ತೇವಲ್ಲ, ಹಾಗೆ ಕಾದಿದ್ದರು. ಕಾರಿನಲ್ಲಿ ನಾನು ವಿಷಯ ಎತ್ತಿದಾಗ ಬೀಜದಂಗಡಿಯವರು, "ಅಲ್ಲ ಮೇಡಂ, ನಾವು ಕೊಡೋ ರೊಕ್ಕದಾಗ ಅವನ ಒಂದು ವಾರದ ಸಂತಿ ಆಗ್ತೈತಿ" ಅಂದರು. ಅದೂ ಸುಳ್ಳಲ್ಲ. ಕಾಕಾನ ಮಗ ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುತ್ತಾನೆ, ಹುಟ್ಟು ಹಿಡಿಯುವುದಿಲ್ಲ. ದಿನಕ್ಕೆ ನಾಲ್ಕು ಜನ ದಾಟಿದರೆ ಹೆಚ್ಚು. ನಮ್ಮಂಥ ಸುಮ್ನೆ ಬರುವವರು ಇಲ್ಲದಿದ್ದರೆ ಆ ತೆಪ್ಪ ಯಾವತ್ತೋ ಕೋಳಿ ಮುಚ್ಚುವ ಬುಟ್ಟಿ ಆಗಿರುತ್ತಿತ್ತು. ಎರಡೂ ನಿಜ. ನನಗೆ ಇವೆರಡನ್ನೂ ಕೂಡಿಸಿ ಲೆಕ್ಕ ಚುಕ್ತಾ ಮಾಡಲು ಬರುತ್ತಿಲ್ಲ, ಬ್ಯಾಂಕಿನವಳಾಗಿಯೂ.

ಡಿಸೆಂಬರ್‌ನಲ್ಲಿ ಮತ್ತೆ ಹೋದೆವು. ಈ ಸಲ ನಾನೇ ಹಟ ಹಿಡಿದೆ. ಏಳು ಗಂಟೆಗೆ ಘಟ್ಟ ಮುಟ್ಟಬೇಕು, ಮೊದಲು ದಾಟುವವರನ್ನೆಲ್ಲ ಕಾಕಾ ದಾಟಿಸಬೇಕು, ಆಮೇಲೆ ನಾವು. ಹುಡುಗರು ಗೊಣಗಿದರು. ಅವತ್ತು ಇಬ್ಬರಿದ್ದರು. ಮೇವಿಗೆ ಹೊರಟ ಒಬ್ಬ ಮುದುಕ, ಮತ್ತೆ ಅದೇ ಹೆಂಗಸು, ಅದೇ ವೈರ್ ಚೀಲ. ಆ ದಂಡೆಯ ಊರಲ್ಲಿ ಅವರ ಮಗಳ ಬಾಣಂತನವಂತೆ. ಡಬ್ಬಿಯಲ್ಲಿ ಅಂಟಿನುಂಡೆ. ನಾನೂ ತೆಪ್ಪ ಹತ್ತಿದೆ. ಕಾಕಾ ಕಣ್ಣಲ್ಲೇ ತೂಗಿ ನನ್ನನ್ನು ಆಕೆಯ ಎದುರಿಗೆ ಕೂರಿಸಿದ. ನಾನು ಸುಮ್ಮನೆ ಆಕೆಯ ಮೂಗುತಿ ನೋಡುತ್ತಾ ಕೂತೆ. ಲೈಫ್ ಜಾಕೆಟ್ ಹಾಕಿಕೊಳ್ಳಿ ಅಂತ ಒಂದು ಕೊಟ್ಟಿದ್ದೆ. ಹಾಕಿಕೊಳ್ಳಲಿಲ್ಲ, ಮಡಿಲಲ್ಲಿಟ್ಟುಕೊಂಡು ಅದರ ಮೇಲೆ ಡಬ್ಬಿ ಇಟ್ಟುಕೊಂಡರು.

ಆ ದಂಡೆಯಲ್ಲಿ ಇಳಿದು ಜಾಕೆಟ್ ವಾಪಸ್ ಕೊಡುತ್ತಾ ಕೇಳಿದರು, "ಸಂಜಿ ಐದಕ್ಕ ಹೊಳ್ಳಿ ಬರ್ತೀನಿ. ಇರ್ತೀರಲ್ಲ?"

ನಾವು ಹತ್ತು ಗಂಟೆಗೆ ಮಿರ್ಚಿ ತಿನ್ನಲು ಹೊರಡುವವರು. ನಾನು ಕಾಕಾನ ಮುಖ ನೋಡಿದೆ. ಅವನು ಹುಟ್ಟಿನಿಂದ ದಂಡೆಯನ್ನು ಒತ್ತಿ ತೆಪ್ಪ ಬಿಡಿಸಿಕೊಳ್ಳುತ್ತಿದ್ದ.

"ನಾ ಇರ್ತೀನಿ ಬಿಡವ್ವಾ" ಅಂದ.